ವಾಲುಶನ ಮೊದಲ ಚೀಲ

ಹಿಮಬೆಟ್ಟದ ಬುಡದಲ್ಲಿ ಯಾಕಿಮಾ ಎಂಬ ಬುಡಕಟ್ಟಿನ ಜನರ ಒಂದು ಹಟ್ಟಿ. ಅದರ ಯಜಮಾನ ವಾಲುಶ್. ಕುದುರೆ ಬೇಕಾದಷ್ಟು, ಜಂಬ ಅದಕ್ಕಿಂತ ಹೆಚ್ಚು, ಕೊಡುವ ಕೈ ಮಾತ್ರ ಮೋಟು.

ಚಳಿಗಾಲ ಮುಗಿಯಿತು. ಒಣಮೀನು ಖಾಲಿ, ಹೊಸ ಮೀನು ಇನ್ನೂ ಹೊಳೆ ಏರಿಲ್ಲ. ಹೊಟ್ಟೆಗೆ ಇದ್ದದ್ದು ಗುಡ್ಡದ ಗೆಡ್ಡೆಯೊಂದೇ. ಹೆಂಗಸರು ಅಗೆಯುವ ಕೋಲು ಹಿಡಿದು ಹೊರಟರೆ ವಾಲುಶ್ ಅಡ್ಡ ನಿಂತು ಸಾರಿದ:

"ಇವತ್ತಿನಿಂದ ಹೊಸ ಕಟ್ಟಳೆ! ಯಾರೇ ಆಗಲಿ, ತಾನು ಅಗೆದದ್ದನ್ನೇ ತಿನ್ನಬೇಕು. ಕೂತು ತಿನ್ನೋರಿಗೆ ಒಂದು ಚೂರೂ ಇಲ್ಲ!"

ಈ ಮಾತು ನೇರ ತಾಗಿದ್ದು ಅಯಾತಜ್ಜಿಗೆ. ಹಟ್ಟಿಗೆಲ್ಲ ಹಿರಿಯಳು ಅವಳೇ. ಮಂಡಿ ಎರಡೂ ಹೋಗಿ ಗುಡ್ಡ ಹತ್ತಲಾರಳು. ಅಗೆದು ತಂದು ಕೊಡಲು ಹೆತ್ತ ಮಗಳೂ ಇಲ್ಲ. ಇದುವರೆಗೆ ಎಲ್ಲರೂ ಕೊಟ್ಟ ಒಂದೊಂದು ಹಿಡಿಯಿಂದಲೇ ಬದುಕಿದ್ದಳು. ಹೆದರಿದಳು ನಿಜ, ಆದರೆ ಬಾಯಿಗೆ ಮಂಡಿನೋವು ಇರಲಿಲ್ಲವಲ್ಲ!

"ಒಳ್ಳೇ ಕಟ್ಟಳೆ ಮಗಾ," ಎಂದಳು. "ನೀನು ಯಾವ ಗುಡ್ಡದಲ್ಲಿ ಅಗೀತೀಯ?"

"ನಾನಾ? ನನ್ನ ಹೆಂಡತಿ ಅಗೀತಾಳೆ."

"ಓಹೋ, ನೀನು ಕೂತು ತಿನ್ನೋ ಪೈಕಿ!"

ಹೆಂಗಸರು ಕಿಸಕ್ಕೆಂದರು. ವಾಲುಶನ ಮುಖ ಕೆಂಪಾಯಿತು.

"ಅಗೆಯೋದೇನು ಮಹಾ ವಿದ್ಯೆಯಾ? ಮನಸ್ಸು ಮಾಡಿದರೆ ನಿಮ್ಮಲ್ಲಿ ಇಬ್ಬರು ಅಗೆಯೋದನ್ನ ನಾನೊಬ್ಬನೇ ಅಗೆದು ಬಿಸಾಕ್ತೀನಿ!"

"ಬೇಡಪ್ಪಾ, ಸೊಂಟ ಹಿಡಕೊಂಡೀತು. ಕುದುರೆ ಮೇಲೆ ಕೂತು ಕೂತು ಮೆತ್ತಗಾದ ಮೈ."

ಇಷ್ಟು ಸಾಕಾಯಿತು. ಹೆಂಡತಿಯ ಕೈಯಿಂದ ಕೋಲು ಕಿತ್ತುಕೊಂಡು ಗುಡ್ಡ ಹತ್ತಿಯೇ ಬಿಟ್ಟ.

ದಿನವಿಡೀ ಅಗೆದ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆಯಿತು. ಸಂಜೆ ಗೂನು ಬೆನ್ನಲ್ಲಿ ಇಳಿದು ಬಂದು, ದೊಡ್ಡ ನಾರಿನ ಚೀಲವನ್ನು ಅಜ್ಜಿಯ ಮುಂದೆ ದೊಪ್ಪನೆ ಹಾಕಿದ.

"ನೋಡು ಮುದುಕಿ! ಇಂಥ ಚೀಲ ಕಂಡಿದ್ಯಾ?"

"ಇಲ್ಲ ಮಗಾ, ಸುಳ್ಳು ಯಾಕೆ ಹೇಳಲಿ! ಮೊದಲು ಯಾವತ್ತಾದರೂ ಅಗೆದಿದ್ಯಾ?"

"ಜನ್ಮದಲ್ಲಿ ಇದೇ ಮೊದಲು!"

"ಹಾಗಾದರೆ ನಿನ್ನ ಕೈ ತಣ್ಣಗಿರಲಿ," ಎಂದು ಅಜ್ಜಿ ಚೀಲವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಏಯ್, ಏನಿದು?"

"ಹುಡುಗ ಹಿಡಿದ ಮೊದಲ ಮೀನು, ಹುಡುಗಿ ಅಗೆದ ಮೊದಲ ಗೆಡ್ಡೆ ಯಾರಿಗೆ ಸೇರುತ್ತೆ?"

"ಹಟ್ಟಿಯ ಹಿರಿಯರಿಗೆ..." ಎನ್ನುತ್ತಲೇ ವಾಲುಶ್ ಚೀಲಕ್ಕೆ ಕೈ ಚಾಚಿದ.

"ದುಡಿದವನು ಅದನ್ನ ನಾಲಗೆಗೂ ಮುಟ್ಟಿಸೋ ಹಾಗಿಲ್ಲ. ಮುಟ್ಟಿಸಿದರೆ ಆ ಕೈಗೆ ಮತ್ತೆ ಏನೂ ದಕ್ಕಲ್ಲ. ಮೊದಲ ಮೀನು ಕೊಡುವಾಗ ನೀನು ಹೊರಳಾಡಿ ಅತ್ತದ್ದು ನನಗೆ ನೆನಪಿದೆ. ಈಗ ದೊಡ್ಡವನಾಗಿದ್ದೀಯ, ಅಳಬೇಡ."

ಹಟ್ಟಿಗೆ ಹಟ್ಟಿಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ವಾಲುಶ್ ಹಲ್ಲು ಕಚ್ಚಿಕೊಂಡು ಮನೆಗೆ ನಡೆದ. ಚಾಪೆಯ ಮೇಲೆ ಹೆಂಡತಿ ತನ್ನ ಪಾಲು ಬಡಿಸಿಕೊಂಡಿದ್ದಳು, ಅವನ ಮುಂದೆ ಮಾತ್ರ ಏನೂ ಇಲ್ಲ.

"ನನಗೆಲ್ಲಿ?" ಎಂದ.

"ಇದು ನಾನು ಇನ್ನೊಂದು ಕೋಲು ತಂದು ಅಗೆದದ್ದು," ಎಂದಳು ಹೆಂಡತಿ. "ಯಜಮಾನರ ಕಟ್ಟಳೆ ಮುರಿಯೋಕೆ ನನಗೆ ಭಯಪ್ಪ."

ಹಸಿವಿಗೆ ಮಾನ ಎಲ್ಲಿ? ಮೆಲ್ಲಗೆ ಅಜ್ಜಿಯ ಜೊಂಡಿನ ಗುಡಿಸಲಿಗೆ ಬಂದ. ಅಜ್ಜಿ ಹನಿ ಸೋರದ ಹಾಗೆ ಒತ್ತಾಗಿ ಹೆಣೆದ ಬುಟ್ಟಿಯ ನೀರಿಗೆ ಕಾದ ಕಲ್ಲು ಹಾಕಿ ಗೆಡ್ಡೆ ಬೇಯಿಸುತ್ತಿದ್ದಳು. ಘಮಘಮ.

"ಅಜ್ಜಿ, ಒಂದೇ ಒಂದು ಹಿಡಿ..."

"ಅಯ್ಯೋ, ನಿನ್ನ ಕೈ ಹಾಳು ಮಾಡಿದ ಪಾಪ ನನಗ್ಯಾಕೆ? ನಾಳೆ ಇನ್ನೊಂದು ಚೀಲ ಅಗೆದು ತಿನ್ನು."

ವಾಲುಶ್ ಅಂಗೈ ನೋಡಿಕೊಂಡ. ಕೋಲು ಹಿಡಿಯಲು ಅಲ್ಲಿ ಚರ್ಮವೇ ಉಳಿದಿರಲಿಲ್ಲ.

"ಕಟ್ಟಳೆ ರದ್ದು ಅಜ್ಜಿ," ಎಂದು ಗೊಣಗಿದ. "ಕೈಲಾಗದವರಿಗೆ ಮೊದಲು, ಮಿಕ್ಕವರಿಗೆ ಆಮೇಲೆ."

"ಏನಂದೆ? ನನಗೆ ಕಿವಿ ಮಂದ."

ಇನ್ನಷ್ಟು ಜೋರಾಗಿ ಹೇಳಿದ. ಅಜ್ಜಿ ತಲೆಯಾಡಿಸಿ, ಕೇಳಿಸಲಿಲ್ಲ ಎಂದಳು. ಕೊನೆಗೆ ಹೊರಗೆ ಬಂದು, ಗುಡ್ಡ ಮರುದನಿ ಕೊಡುವ ಹಾಗೆ ಗಂಟಲು ಹರಿದು ಕೂಗಿದ. ಮನೆಮನೆಯಿಂದ ಜನ ಹೊರಗೆ ಬಂದರು.

"ಈಗಲಾದರೂ ಕೇಳಿಸಿತಾ?" ಎಂದು ಏದುಸಿರು ಬಿಟ್ಟ.

"ನನಗೆ ಮೊದಲ ಸಲವೇ ಕೇಳಿಸಿತ್ತು ಮಗಾ," ಎಂದಳು ಅಜ್ಜಿ, ಗೆಡ್ಡೆ ಬಾಯಿಗೆ ಹಾಕಿಕೊಳ್ಳುತ್ತ. "ಹೊಟ್ಟೆ ತುಂಬಿದ ಮೇಲೆ ನೀನು ಹಾಗೆ ಹೇಳೇ ಇಲ್ಲ ಅಂದರೆ ಸಾಕ್ಷಿಗೆ ಊರು ಬೇಕಲ್ಲ!"