ಅರ್ಧ ಬೆಳಕಿಗೆ ಪೂರ್ತಿ ಪಾಡುಪಟ್ಟ ಕೆಂಚರಾಜ

ಒಂದಾನೊಂದು ಊರಿನಲ್ಲಿ, ಊರು ಅಂದರೆ ಭಾರೀ ಊರೇನಲ್ಲ, ಒಂದು ಅರಮನೆ, ಒಂದು ಬಾವಿ, ಅವೆರಡರ ನಡುವೆ ಜಗಳ ಆಡುವುದಕ್ಕೆ ಬೇಕಾದಷ್ಟು ಜಾಗ, ಅಂಥ ಊರಿನಲ್ಲಿ ಕೆಂಚರಾಜ ಅಂತ ಒಬ್ಬ ದೊರೆ ಇದ್ದ. ಊರಿನ ಹೆಸರು ಮಬ್ಬೂರು. ಕೆಂಚರಾಜನ ಕಿವಿಗಳದು ವಿಚಿತ್ರ ಜಾತಿ. ಮಾತಾಡುವವರ ಮುಖ ಕಂಡರೆ ಮಾತ್ರ ಅವನಿಗೆ ಮಾತು ಕೇಳಿಸುತ್ತಿತ್ತು. ಕತ್ತಲಾಯಿತೋ, ಪಕ್ಕದಲ್ಲಿ ನಗಾರಿ ಬಡಿದರೂ ಇಲ್ಲ.

ಅವನ ಹೆಂಡತಿ ಮಲ್ಲಾಜಮ್ಮಣ್ಣಿಯದು ಇನ್ನೊಂದು ತರಹ. ಬೆಳಕು ಜಾಸ್ತಿಯಾದರೆ ಅವಳ ಮಾತುಗಳಿಗೆ ನಾಚಿಕೆ. ಗಂಟಲ ತನಕ ಬರುತ್ತಿದ್ದವು, ಹೊರಗೆ ಇಣುಕಿ ನೋಡುತ್ತಿದ್ದವು, ಮತ್ತೆ ಹೊಟ್ಟೆಗೇ ಇಳಿಯುತ್ತಿದ್ದವು. ಮಬ್ಬಾದರೆ ಸಾಕು, ಇರುವೆಗಳ ಹಾಗೆ ಸಾಲುಗಟ್ಟಿ ಬರುತ್ತಿದ್ದವು.

ಹಾಗಾದರೆ ಈ ಗಂಡ ಹೆಂಡತಿ ಮಾತಾಡುವುದು ಹೇಗೆ? ಅರ್ಧ ಬೆಳಕಿನಲ್ಲಿ. ಅವರ ಪಡಸಾಲೆಯ ಗೋಡೆಯಲ್ಲಿ ತಾತನ ಕಾಲದ ಒಂದು ಡಿಮ್ಮರ್ ಸ್ವಿಚ್ಚು ಇತ್ತು. ತಿರುಗಿಸಿದಷ್ಟು ಬೆಳಕು ಏರುತ್ತಿತ್ತು, ತಿರುಗಿಸಿದಷ್ಟು ಇಳಿಯುತ್ತಿತ್ತು. ಅರಮನೆಯವರೆಲ್ಲ ಅದನ್ನು ಡಿಮ್ಮರಜ್ಜ ಅನ್ನುತ್ತಿದ್ದರು. ಮೇಲೆ ತೂಗುತ್ತಿದ್ದದ್ದು ತಂತಿಯ ಹಳೇ ಬಲ್ಬು, ದೊಡ್ಡ ಹೊಟ್ಟೆಬಾಕ. ಕರೆಂಟನ್ನು ರಾಗಿಮುದ್ದೆ ನುಂಗಿದ ಹಾಗೆ ನುಂಗುತ್ತಿತ್ತು. ಆದರೆ ಅಜ್ಜ ಕಿವಿ ಹಿಂಡಿದಷ್ಟು ತಗ್ಗುತ್ತಿತ್ತು. ಸಂಜೆಯಾದರೆ ದೊರೆ ಅಜ್ಜನನ್ನು ಅರ್ಧಕ್ಕೆ ತಿರುಗಿಸುತ್ತಿದ್ದ. ರಾಣಿ ಮಾತು ಶುರುಮಾಡುತ್ತಿದ್ದಳು. ಕಾಗೆ ಯಾವ ಕಡೆ ಮುಖ ಮಾಡಿ ಕೂತಿತ್ತು, ಸಾರಿಗೆ ಹುಳಿ ಯಾಕೆ ಮುಂದಾಯಿತು, ಎಲ್ಲ ಹೇಳುತ್ತಿದ್ದಳು. ದೊರೆಗೆ ರಾಜ್ಯಭಾರ ಅಂದರೆ ಅದೇ.

ಒಂದು ಸಂಜೆ ಹೊಟ್ಟೆಬಾಕ ಬಲ್ಬು ಟಪ್ ಅಂದು ಸತ್ತುಹೋಯಿತು. ಮಂತ್ರಿ ತಿಪ್ಪರಸ ಓಡಿಹೋಗಿ ಹೊಸದೊಂದು ತಂದು ಸಿಕ್ಕಿಸಿದ. ಇದು ಕರೆಂಟು ಉಳಿಸುವ ಬಲ್ಬು, ಗುಬ್ಬಚ್ಚಿಯ ಹಾಗೆ ಕಾಳು ಕಾಳು ಹೆಕ್ಕಿ ತಿನ್ನುತ್ತದೆ ಅಂತ ಹೊಗಳಿದ. ದೊರೆ ಅಜ್ಜನನ್ನು ಅರ್ಧಕ್ಕೆ ತಿರುಗಿಸಿದ. ಬಲ್ಬು ನಡುಗಿತು. ಜುಂಯ್ ಅಂತ ಅತ್ತಿತು. ಆಮೇಲೆ ಆರಿಯೇ ಹೋಯಿತು. ಪೂರ್ತಿ ತಿರುಗಿಸಿದರೆ ಝಗ್ ಅಂತ ಉರಿಯಿತು. ರಾಣಿ ಬಾಯಿ ಮುಚ್ಚಿದಳು.

"ಯಾಕಪ್ಪಾ ಹೀಗೆ ಮಾಡ್ತೀಯ?" ಅಂತ ದೊರೆ ಬಲ್ಬನ್ನು ಕೇಳಿದ.

"ಮಹಾಸ್ವಾಮಿ, ನನಗೆ ಬರೋದು ಎರಡೇ ಮಾತು. ಹೂಂ, ಉಹೂಂ. ಅವೆರಡರ ನಡುವೆ ಏನಿದೆ ಅಂತ ನಮ್ಮ ಮನೇಲಿ ಯಾರಿಗೂ ಗೊತ್ತಿಲ್ಲ."

ಕಲಿಯಬಾರದೇ ಅಂದರೆ, ಅದು ಕಲಿತು ಬರುವ ವಿದ್ಯೆಯಲ್ಲ, ಹುಟ್ಟುವಾಗಲೇ ಹೊಟ್ಟೆಯಲ್ಲಿರಬೇಕು ಅಂದಿತು. ಅಂಥ ಬಲ್ಬುಗಳೂ ಉಂಟು, ತನ್ನ ದಾಯಾದಿಗಳೇ, ಅವು ಇರುವ ಡಬ್ಬಿಯ ಮೇಲೆ ಹಾಗಂತ ಬರೆದಿರುತ್ತದೆ ಅಂತಲೂ ಹೇಳಿತು. ಆ ಡಬ್ಬಿಗಾಗಿ ಪಕ್ಕದ ರಾಜ್ಯಕ್ಕೆ ಗಾಡಿ ಹೋಯಿತು.

ಗಾಡಿ ಬರುವ ತನಕ ಏನು ಗತಿ? ತಿಪ್ಪರಸ ಯೋಚಿಸಿದ. ಬೆಳಕನ್ನು ಅರ್ಧ ಮಾಡಲಾಗದಿದ್ದರೆ ನೋಡುವವರನ್ನು ಅರ್ಧ ಮಾಡೋಣ ಅಂದ. ದೊರೆ ಒಂದು ಕಣ್ಣು ಮುಚ್ಚಿದ. ರಾಣಿಯೂ ಒಂದು ಕಣ್ಣು ಮುಚ್ಚಿದಳು. ಅವಳಿಗೆ ಬೆಳಕು ಅರ್ಧವಾಯಿತು, ಮಾತು ಬಂತು. ಆದರೆ ದೊರೆ ತೆರೆದಿದ್ದ ಕಣ್ಣು ಒಂದೇ ಅಲ್ಲವೇ, ಅವನಿಗೆ ಅರ್ಧ ಮಾತು ಮಾತ್ರ ಕೇಳಿಸಿತು.

ರಾಣಿ ಹಾಗಲಕಾಯಿ ಬೇಡ ಅಂದಳು. ದೊರೆಗೆ ಕೇಳಿಸಿದ್ದು ಹಾಗಲಕಾಯಿ. ಗಾಡಿಗಟ್ಟಲೆ ಹಾಗಲಕಾಯಿ ಬಂತು. ರಾಣಿ ತಲೆನೋವು ಇಲ್ಲ ಅಂದಳು. ಕೇಳಿಸಿದ್ದು ತಲೆನೋವು. ವೈದ್ಯರು ಬಂದು ಅವಳ ಹಣೆಗೆ ಶುಂಠಿ ತೇದು ಬಳಿದರು. ನಮಗೆ ಆನೆ ಯಾಕೆ ಅಂದಳು. ಪಡಸಾಲೆಗೆ ಆನೆ ಬಂತು. ಬಂದ ಆನೆ ಹಾಗಲಕಾಯಿಯ ರಾಶಿಯ ಮುಂದೆ ನಿಂತು, ಒಂದನ್ನು ಬಾಯಿಗೆ ಹಾಕಿಕೊಂಡು, ದೊರೆಯ ಕಡೆ ಬಹಳ ಬೇಸರದಿಂದ ನೋಡಿತು.

ರಾಣಿ ಹಣೆಯ ಶುಂಠಿ ಒರೆಸಿಕೊಂಡು ಎದ್ದಳು. ಮುನಿಸಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಕೋಣೆಯಲ್ಲಿ ದೀಪವೇ ಇಲ್ಲ. ದೊರೆ ಹೊಸ್ತಿಲ ಆಚೆ ಆನೆಗೆ ಒರಗಿಕೊಂಡು ಕೂತ. ಒಳಗೆ ಅವಳು ಮಾತಾಡುತ್ತಿದ್ದಾಳೆ ಅಂತ ಆನೆಯ ಕಿವಿ ಅಲ್ಲಾಡುವುದರಿಂದ ಗೊತ್ತಾಗುತ್ತಿತ್ತು. ಅವನಿಗೆ ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಅನ್ನ ಸೇರಲಿಲ್ಲ. ಕಿರೀಟ ಭಾರ ಅಂತ ತೆಗೆದು ಆನೆಗೆ ಹಾಕಿದ.

ಕೊನೆಗೆ ಗಾಡಿ ತುಂಬ ಡಬ್ಬಿಗಳು ಬಂದವು. ಡಬ್ಬಿಯ ಮೇಲೆ 'ಮಂಕು ಮಾಡಬಹುದು' ಅಂತ ಬರೆದಿತ್ತು. ಹೊಸ ಬಲ್ಬು ಸಿಕ್ಕಿಸಿದರು. ದೊರೆ ಕೈ ಮುಗಿದು ಅಜ್ಜನನ್ನು ತಿರುಗಿಸಿದ. ಬಲ್ಬು ಪಿಳಿಪಿಳಿ ಕಣ್ಣು ಬಿಟ್ಟಿತು, ಆರಿತು, ಮತ್ತೆ ಪಿಳಿಪಿಳಿ ಅಂದಿತು. ತನಗೆ ಅರ್ಧ ಬರುತ್ತದೆ, ಅಜ್ಜನೇ ತನ್ನನ್ನು ಹಿಡಿಯುತ್ತಿಲ್ಲ ಅಂತ ದೂರಿತು.

ಅಜ್ಜ ಗೋಡೆಯೊಳಗಿಂದ ಕೆಮ್ಮಿದ. ಜೀವಮಾನವೆಲ್ಲ ಹೊಟ್ಟೆಬಾಕನ ಕಿವಿ ಹಿಡಿದ ಕೈ ತನ್ನದು. ಈ ಹುಡುಗ ಇಷ್ಟೇ ಇಷ್ಟು ತಿನ್ನುತ್ತಾನೆ, ಇದ್ದಾನೋ ಇಲ್ಲವೋ ತನಗೇ ತಿಳಿಯುವುದಿಲ್ಲ, ಇಲ್ಲದವನನ್ನು ಬಗ್ಗಿಸುವುದು ಹೇಗೆ ಅಂತ ಕೇಳಿದ.

ತಿಪ್ಪರಸ ಅಜ್ಜನನ್ನು ಕಿತ್ತು ಹೊಸ ಡಿಮ್ಮರ್ ಹಾಕಿಸೋಣ ಅಂದ. ಅದೇ ಸರಿಯಾದ ಮಾತು. ಆದರೆ ದೊರೆಗೆ ಮನಸ್ಸು ಬರಲಿಲ್ಲ. ಗೋಡೆಗೆ ಬಾಯಿ ಹತ್ತಿರ ಇಟ್ಟು ಕೇಳಿದ.

"ಅಜ್ಜಾ, ನಿನ್ನ ಕೈಗೆ ಭಾರ ಹತ್ತಬೇಕಾದರೆ ಏನು ಮಾಡಲಿ?"

"ಇಂಥವರನ್ನೇ ಇನ್ನಷ್ಟು ತಾ ಮಗಾ. ನಾನು ಸಾಕು ಅನ್ನೋವರೆಗೂ ತಾ."

ಇನ್ನೊಂದು ಸಿಕ್ಕಿಸಿದರು. ಸಾಕೇ? ಸಾಲದು. ಮತ್ತೊಂದು ಸಿಕ್ಕಿಸಿದರು. ಸಾಕೇ? ಸಾಲದು. ತೊಲೆಗೊಂದು, ಕಂಬಕ್ಕೊಂದು, ಆನೆಯ ಸೊಂಡಿಲಿಗೊಂದು. ಆಗ ಅಜ್ಜ ನಿಟ್ಟುಸಿರು ಬಿಟ್ಟು, ಈಗ ಕೈಗೆ ಏನೋ ಸಿಕ್ಕಿತು ಅಂದ. ದೊರೆ ತಿರುಗಿಸಿದ. ಎಲ್ಲ ಬಲ್ಬುಗಳೂ ಒಟ್ಟಿಗೆ, ಒಂದೇ ಮನೆಯ ಮಕ್ಕಳ ಹಾಗೆ ತಲೆ ತಗ್ಗಿಸಿದವು. ಒಂದು ಮಾತ್ರ ನಡುಗಿ ಜುಂಯ್ ಅಂದಿತು. ನೋಡಿದರೆ ಹೂಂ ಉಹೂಂ ಬಲ್ಬು, ತಾನೂ ಇರಲಿ ಅಂತ ನಡುವೆ ತೂರಿಕೊಂಡಿತ್ತು. ದೊರೆ ಅದನ್ನು ಬೈಯಲಿಲ್ಲ. ಉಗ್ರಾಣದಲ್ಲಿ ಇಲಿ ಇದೆಯೋ ಇಲ್ಲವೋ ತಿಳಿದರೆ ಸಾಕು, ಅಲ್ಲಿ ಹೂಂ ಉಹೂಂಗಿಂತ ಹೆಚ್ಚು ಬೇಡ ಅಂತ ಹೇಳಿ, ಅಲ್ಲಿಯ ಮಾಮೂಲಿ ಸ್ವಿಚ್ಚಿನ ಕೆಳಗೆ ಅದಕ್ಕೊಂದು ಕೆಲಸ ಕೊಟ್ಟ. ಅದು ಖುಷಿಯಾಗಿ ಹೂಂ ಅಂದಿತು.

ಬಾಗಿಲ ಸಂದಿಯಿಂದ ಮಬ್ಬು ಬೆಳಕು ಒಳಗೆ ಹರಿಯಿತು. ರಾಣಿ ಹೊರಗೆ ಬಂದಳು. ಆನೆಯ ತಲೆ ಮೇಲಿದ್ದ ಕಿರೀಟ ನೋಡಿದಳು. ಗಂಡನ ಎದುರಿಗೆ ಕೂತಳು.

"ಒಳಗಿಂದ ಇಷ್ಟು ಹೊತ್ತೂ ಮಾತಾಡಿದೆನಲ್ಲ. ನಿಮಗೆ ಏನೇನೂ ಕೇಳಿಸಲಿಲ್ಲವೇ?"

"ಇಲ್ಲ ಮಲ್ಲಾಜಿ."

"ಒಳ್ಳೇದಾಯ್ತು. ಅದರಲ್ಲಿ ಮುಕ್ಕಾಲು ನಿಮಗೆ ಬೈಗುಳವೇ ಇತ್ತು."

ಕೆಂಚರಾಜ ಎದ್ದು ಹೋಗಿ, ಅವಳ ತುಟಿ ಇನ್ನೊಂಚೂರು ಚೆನ್ನಾಗಿ ಕಾಣುವಷ್ಟು ಅಜ್ಜನನ್ನು ಕೂದಲೆಳೆಯಷ್ಟು ತಿರುಗಿಸಿ, ಮರಳಿ ಬಂದು ಕೂತ.

"ಹಾಗಾದರೆ ಮೊದಲಿಂದ ಹೇಳು," ಅಂದ. "ಒಂದೂ ಬಿಡಬೇಡ."

ಅವಳು ಹೇಳಿದಳು, ಅವನು ಕೇಳಿದ. ಬಲ್ಬುಗಳೂ ಕೇಳಿದವು. ನಡುನಡುವೆ ಇಬ್ಬರಿಗೂ ನಗು ಬಂತು.

ನೀತಿ ಏನು ಅಂತೀರಾ? ಬಲ್ಬು ಕೊಳ್ಳುವಾಗ ಡಬ್ಬಿ ಓದಿ, ಗೋಡೆಯಲ್ಲಿರುವ ಅಜ್ಜನನ್ನು ಒಂದು ಮಾತು ಕೇಳಿ, ಆನೆಯನ್ನು ಮಾತ್ರ ಯಾರೂ ಕೇಳದೆ ತರಬೇಡಿ. ಅವರ ದೀಪ ಅರ್ಧಕ್ಕೆ ನಿಂತಿತು, ನನ್ನ ಕತೆ ಪೂರ್ತಿಯಾಯಿತು, ಹಾಗಲಕಾಯಿ ಇನ್ನೂ ಮಿಕ್ಕಿದೆ, ಹೋಗುವಾಗ ಒಂದೊಂದು ತೆಗೆದುಕೊಂಡು ಹೋಗಿ.