ಭರಮಪ್ಪನ ಕೆಂಪು ರೀಡು

ಪಾಲಯ್ಯ ಮೇಷ್ಟ್ರ ಬ್ಯಾಂಡ್‌ಸೆಟ್‌ನಲ್ಲಿ ಇಬ್ಬರು ಕ್ಲಾರಿನೆಟ್ ಊದುತ್ತಿದ್ದರು. ದಾದಾಪೀರ್ ಊದಿದರೆ ಮದುವೆಮನೆಯವರು ಊಟದೆಲೆ ಬಿಟ್ಟು ಎದ್ದು ಬರುತ್ತಿದ್ದರು. ಭರಮಪ್ಪ ಊದಿದರೆ ಕಟ್ಟಿದ ಎಮ್ಮೆಯೂ ಹಗ್ಗ ಕಿತ್ತುಕೊಂಡು ಹೋಗುತ್ತಿತ್ತು.

ಭರಮಪ್ಪನ ಹೊಟ್ಟೆಯೊಳಗೆ ಒಣಮೆಣಸಿನಕಾಯಿ ಹುರಿದ ಹಾಗಾಗುತ್ತಿತ್ತು. ಅನ್ನ ಸೇರದು. ಎಲೆಯಡಿಕೆ ಮಾತ್ರ ಸೇರುತ್ತಿತ್ತು. ಜಗಿಯುತ್ತಲೇ ಊದುತ್ತಿದ್ದ.

ಒಂದು ದಿನ ಮೇಷ್ಟ್ರು ಅಂದರು, "ನನಗೆ ದಮ್ಮು ಸಾಲದು ಕಣ್ರಪ್ಪ. ಬರೋ ಶುಕ್ರವಾರ ಇಬ್ಬರೂ ಊದಿ. ಗೆದ್ದವನು ಬ್ಯಾಂಡಿನ ಮುಂದೆ ನಿಲ್ಲಲಿ."

ಕ್ಲಾರಿನೆಟ್ಟಿನ ಬಾಯಿಗೆ ಬಿಗಿಯುವ ಬೆರಳಗಲದ ಜೊಂಡಿನ ಸೀಳೇ ರೀಡು. ಅದು ನಡುಗಿದರೇ ಸ್ವರ. ದಾದಾಪೀರ್ ದಿನಾ ಬಾಯಿ ಮುಕ್ಕಳಿಸಿ ಊದುತ್ತಿದ್ದ. ಆಮೇಲೆ ರೀಡು ಬಿಚ್ಚಿ, ಒರೆಸಿ, ಗಾಜಿನ ತುಂಡಿನ ಮೇಲೆ ಮಲಗಿಸಿ, ತುಸು ತೇವದ ಬಟ್ಟೆಯ ಜೊತೆ ಡಬ್ಬಿಯಲ್ಲಿ ಮುಚ್ಚಿಡುತ್ತಿದ್ದ. ಎರೆದ ಕೂಸನ್ನು ಮಲಗಿಸಿದ ಹಾಗೆ.

"ಅವನ ಉಸಿರಲ್ಲೇನಿದೆ ಮಣ್ಣು! ರೀಡೇ ಒಳ್ಳೇದು," ಅಂದುಕೊಂಡ ಭರಮಪ್ಪ. ದಾದಾಪೀರ್ ನೀರಿಗೆ ಹೋದಾಗ ಡಬ್ಬಿಯ ರೀಡು ಎಗರಿಸಿ ತನ್ನದನ್ನು ಇಟ್ಟ. ಭರಮಪ್ಪನದೋ, ಎಲೆಯಡಿಕೆ ರಸ ಕುಡಿದು ಕೆಂಪಾಗಿ, ಹಪ್ಪಳದ ಹಾಗೆ ಸೊಟ್ಟಗಿತ್ತು.

ದಾದಾಪೀರ್ ಊದಿದ. ಕೀಂ! ಭರಮಪ್ಪ ಒಳಗೊಳಗೇ ಕುಣಿದ. ದಾದಾಪೀರ್ ರೀಡು ಬಿಚ್ಚಿ ನೋಡಿದ. ಒರೆಸಿದ, ಗಾಜಿನ ಮೇಲೆ ಮಲಗಿಸಿದ, ಡಬ್ಬಿ ಮುಚ್ಚಿದ.

ಕದ್ದ ರೀಡು ಮೊದಲ ದಿನ ಕೋಗಿಲೆಯಾಯಿತು. ಭರಮಪ್ಪ ಬೀಗಿದ್ದೇ ಬೀಗಿದ್ದು. ಆಮೇಲೆ ಎಂದಿನಂತೆ ಎಂಜಲು ಸಮೇತ ಕ್ಲಾರಿನೆಟ್ಟನ್ನು ಕಿಟಕಿಯ ಬಿಸಿಲಿಗೆ ಒರಗಿಸಿ ಮಲಗಿದ. ದಿನವೂ ಹಾಗೇ.

ಶುಕ್ರವಾರ ಬಂತು. ಮೊದಲು ಭರಮಪ್ಪ ಊದಿದ. ಕೀಂ... ಕಿರ್‌ರ್!

"ಏನೋ ಭರಮ, ಹಾಡು ಊದ್ತಿದೀಯೋ, ಕೋಳಿ ಹಿಡೀತಿದೀಯೋ?" ಅಂದರು ಮೇಷ್ಟ್ರು.

ಆಮೇಲೆ ದಾದಾಪೀರ್ ಊದಿದ. ಜೇನು ಸುರಿದ ಹಾಗೆ. ಭರಮಪ್ಪ ಕಣ್ಣರಳಿಸಿ ನೋಡಿದ. ರೀಡಿನ ತುದಿ ಕೆಂಪಗಿತ್ತು.

"ನಿಂದೇ ಭರಮಣ್ಣ," ಅಂದ ದಾದಾಪೀರ್. "ದಿನಾ ಮಲಗಿಸಿದೆ, ಸೊಟ್ಟ ಹೋಯ್ತು. ಕಲೆ ಮಾತ್ರ ಹೋಗಲಿಲ್ಲ. ತಗೋ. ನಂದು ಕೊಡು."

ಭರಮಪ್ಪ ತನ್ನ ಕೈಯಲ್ಲಿದ್ದದ್ದನ್ನು ನೋಡಿಕೊಂಡ. ಕೆಂಪಗೆ, ಹಪ್ಪಳದ ಹಾಗೆ ಸೊಟ್ಟಗೆ. ಕೊಡಲು ಕೈ ಮುಂದೆ ಬರಲಿಲ್ಲ. ಕಿಟಕಿಗೆ ಹೋಗಿ ಬಾಯಲ್ಲಿದ್ದ ಎಲೆಯಡಿಕೆ ಉಗಿದು, ಮುಕ್ಕಳಿಸಲು ನೀರು ಕೇಳಿದ.

ನೀತಿ: ಇನ್ನೊಬ್ಬನ ರೀಡು ಕದಿಯಬಹುದು, ಅದನ್ನು ಒರೆಸಿ ಮಲಗಿಸುವ ಬುದ್ಧಿ ಕದಿಯಲಾಗದು. ಪಕ್ಕದವನ ಡಬ್ಬಿ ನೋಡಿ ಉರಿಯುವ ಮೊದಲು ನಿನ್ನ ಬಾಯಿ ತೊಳೆದುಕೋ.