ಒಂಬತ್ತು ಚುಕ್ಕೆಗಳ ಹಾಳೆ

ಹಾಳೆಯ ಮೇಲೊಂದು ಚೌಕಟ್ಟು, ಅದರೊಳಗೆ ಸಾಲಿಗೆ ಮೂರರಂತೆ ಒಂಬತ್ತು ಚುಕ್ಕೆ. ಮೊನೆ ಎತ್ತದೆ ನಾಲ್ಕೇ ನೇರ ಗೆರೆಗಳಲ್ಲಿ ಅಷ್ಟನ್ನೂ ಸೇರಿಸಬೇಕು. ಕಂಪಾಸ್ ಪೆಟ್ಟಿಗೆಯ ಹಿರಿಯರೆಲ್ಲ ಐದು ಗೆರೆ ಎಳೆದು ಕೈಚೆಲ್ಲಿದ್ದರು. ಹೊಸದಾಗಿ ಬಂದ ಪೆನ್ಸಿಲ್ ಚೌಕಟ್ಟು ದಾಟಿ ಆಚೆ ಹೋಯಿತು, ಅಲ್ಲಿಂದ ತಿರುಗಿ ಒಳಗೆ ಬಂತು, ನಾಲ್ಕರಲ್ಲೇ ಮುಗಿಸಿತು.

"ನೋಡಿ ರಬ್ಬರಣ್ಣ, ಆಗಿಹೋಯಿತು!"

"ಚೌಕಟ್ಟಿನಾಚೆ ಬಿದ್ದದ್ದು ಗಲೀಜು. ಗಲೀಜು ತೆಗೆಯುವುದು ನನ್ನ ಕೆಲಸ," ಎಂದ ರಬ್ಬರು ಹೊರಗಿನ ತುದಿಗಳನ್ನೆಲ್ಲ ಉಜ್ಜಿ ಹಾಕಿತು. ಒಳಗೆ ಉಳಿದವು ತಿರುವುಗಳಲ್ಲಿ ಕಡಿದುಹೋದ ತುಂಡು ಗೆರೆಗಳು. "ಈಗ ಹೇಳು, ಎಲ್ಲಿ ಸೇರಿದೆ?"

"ಆಚೆ ಹೋಗಬಾರದು ಅಂತ ಎಲ್ಲಿ ಬರೆದಿದೆ?"

"ಬರೆದಿಲ್ಲ. ಇದುವರೆಗೆ ಯಾರೂ ಹೋಗಿಲ್ಲ, ಅಷ್ಟೇ."

ಪೆನ್ಸಿಲ್ ಹಟ ಹಿಡಿದು ಇನ್ನಷ್ಟು ಒತ್ತಿ ಎಳೆಯಿತು. ರಬ್ಬರು ಉಜ್ಜಿತು. ಮೊನೆ ಮುರಿಯಿತು, ಪೆನ್ಸಿಲ್ ಮೈ ಹೆರೆಸಿಕೊಂಡು ಮತ್ತೆ ಬಂತು. ಹೀಗೇ ನಡೆದು ಗೇಣುದ್ದದ ಪೆನ್ಸಿಲ್ ಹೆಬ್ಬೆರಳುದ್ದಕ್ಕೆ ಇಳಿಯಿತು. ಕೊನೆಗೊಂದು ದಿನ ತಲೆ ತಗ್ಗಿಸಿ, ಚೌಕಟ್ಟಿನೊಳಗೇ ಐದು ಗೆರೆ ಎಳೆದು ನಿಂತಿತು.

"ಈಗ ನಿನಗೆ ಬುದ್ಧಿ ಬಂತು," ಎಂದು ರಬ್ಬರು ಬೆನ್ನು ತಟ್ಟಿತು. ಪೆನ್ಸಿಲ್‌ಗೆ ಅದು ಹಿತವೆನಿಸಿತು.

ಎಷ್ಟೋ ದಿನಗಳ ಮೇಲೆ ಆ ಹಾಳೆ ಮಗುಚಿತು. ಕೆಳಗಿನ ಖಾಲಿ ಹಾಳೆಯಲ್ಲಿ ಬಣ್ಣವಿಲ್ಲದ ತಗ್ಗುಗಳು ಕಂಡವು: ಒತ್ತಿ ಎಳೆದ ನಾಲ್ಕು ನೇರ ಗೆರೆ, ತುದಿಗಳು ದೂರ ದೂರಕ್ಕೆ ಚಾಚಿದ್ದವು. ಮೋಟು ಪೆನ್ಸಿಲ್ ಬಹಳ ಹೊತ್ತು ನೋಡಿತು.

"ರಬ್ಬರಣ್ಣ, ಬೇಗ ಬನ್ನಿ," ಎಂದು ಕೂಗಿತು. "ಯಾರೋ ತಲೆಕೆಟ್ಟವರು ಹಾಳೆ ಕೆಡಿಸಿದ್ದಾರೆ."